ಪಂದಿ ಕರಿಗೊಂದು ದಿನ, ಕಡಂಬುಟ್ಟಿಗೊಂದು ದಿನ: ಕಡಿಮೆ ಕಾರ್ಬ್ ಊಟದಲ್ಲಿ ಸ್ನಾಯು ಬೆಳೆಸುವ ಬಗೆ

ಪ್ರಶ್ನೆ: ನನಗೆ 29 ವರ್ಷ. ಗೋಣಿಕೊಪ್ಪಲು ಹತ್ತಿರ ಕಾಫಿ ತೋಟ ನೋಡಿಕೊಳ್ಳುತ್ತೇನೆ, ವಾರಕ್ಕೆ ನಾಲ್ಕು ದಿನ ಜಿಮ್‌ಗೆ ಹೋಗುತ್ತೇನೆ. ಎತ್ತರ 172 ಸೆಂ.ಮೀ. ಎರಡು ತಿಂಗಳ ಹಿಂದೆ ಅನ್ನ, ಒಟ್ಟಿ (ಅಕ್ಕಿ ರೊಟ್ಟಿ), ಪುಟ್ಟು ಎಲ್ಲ ಬಿಟ್ಟೆ. ಬೆಳಗ್ಗೆ ಮೂರು ಮೊಟ್ಟೆ, ಮಧ್ಯಾಹ್ನ ಮತ್ತು ರಾತ್ರಿ ಸೇರಿ ಸುಮಾರು 300 ಗ್ರಾಂ ಪಂದಿ (ಹಂದಿ) ಮಾಂಸ, ಜೊತೆಗೆ ಪಲ್ಯ, ದಿನಕ್ಕೆ ನಾಲ್ಕು ಲೋಟ ಬೆಲ್ಲದ ಕಾಫಿ. ತೂಕ 80ರಿಂದ 75 ಕಿಲೋಗೆ ಇಳಿದಿದೆ, ಸೊಂಟವೂ ಇಳಿದಿದೆ. ಆದರೆ ಬಲ ಕುಸಿದಿದೆ; ಸ್ಕ್ವಾಟ್‌ನಲ್ಲಿ ಆರು ರೆಪ್ (ಸಲ) ಆದ ಮೇಲೆ ಕಾಲು ನಿಲ್ಲುವುದಿಲ್ಲ. ಕಾರ್ಬ್ ಲೋಡಿಂಗ್ (ಪಿಷ್ಟ, ಸಕ್ಕರೆಯಂಥ ಕಾರ್ಬೊಹೈಡ್ರೇಟನ್ನು ಒಂದು ದಿನ ಹೆಚ್ಚು ತಿಂದು ಸ್ನಾಯು ತುಂಬಿಸುವುದು) ಅಂತ ಭಾನುವಾರ ಪಂದಿ ಕರಿ, ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಪಾಯಸ, ಮನೆಯ ವೈನ್ ಎರಡು ಮೂರು ಗ್ಲಾಸ್ ತೆಗೆದುಕೊಳ್ಳುತ್ತೇನೆ. ಸೋಮವಾರ ತೂಕ ಎರಡು ಕಿಲೋ ಏರಿರುತ್ತದೆ, ಹೆದರಿ ಆ ದಿನ ಉಪವಾಸ ಮಾಡುತ್ತೇನೆ. ಅನ್ನ ಇಲ್ಲದೆ ಸ್ನಾಯು ಬೆಳೆಯುತ್ತದೆಯೇ? ಲೋಡ್ ಎಷ್ಟು, ಯಾವಾಗ, ಯಾವುದರಿಂದ? ಏಪ್ರಿಲ್‌ನಲ್ಲಿ ಹಾಕಿ ಆಡುವುದೂ ಇದೆ.

ಉತ್ತರ: ಬೆಳೆಯುತ್ತದೆ. ಆದರೆ ಈಗ ನೀವು ತಿನ್ನುತ್ತಿರುವ ರೀತಿಯಲ್ಲಿ ಬೆಳೆಯುವುದಿಲ್ಲ. ಅದಕ್ಕೆ ಅನ್ನ ಬಿಟ್ಟಿದ್ದು ಮುಖ್ಯ ಕಾರಣವೂ ಅಲ್ಲ.

ಮೊದಲು ನಿಮ್ಮ ತಟ್ಟೆಯನ್ನೇ ಲೆಕ್ಕ ಹಾಕೋಣ. ಮೂರು ಮೊಟ್ಟೆಯಲ್ಲಿ 18 ಗ್ರಾಂ ಪ್ರೋಟೀನ್. ಪಂದಿ ಕರಿಗೆ ನಮ್ಮಲ್ಲಿ ಹಾಕುವುದು ಚರ್ಮ, ಕೊಬ್ಬು, ಮಾಂಸ ಮೂರೂ ಇರುವ ತುಂಡು. ಹಂದಿಯ ಭುಜದ ಹಸಿ ಮಾಂಸದಲ್ಲಿ 100 ಗ್ರಾಮಿಗೆ ಸುಮಾರು 17 ಗ್ರಾಂ ಪ್ರೋಟೀನ್ ಇದ್ದರೆ, ಹೊಟ್ಟೆ ಭಾಗದ್ದರಲ್ಲಿ 9-10 ಗ್ರಾಂ ಮಾತ್ರ. ಕೊಬ್ಬು 50 ಗ್ರಾಂ ದಾಟುತ್ತದೆ. ಎರಡೂ ಸಮಸಮ ಇರುವ 300 ಗ್ರಾಂ ಮಾಂಸದಿಂದ ನಿಮಗೆ ಸಿಗುವುದು 40 ಗ್ರಾಂ ಪ್ರೋಟೀನ್, 100 ಗ್ರಾಮಿಗೂ ಮೀರಿದ ಕೊಬ್ಬು. ಪಲ್ಯ, ಕಾಫಿಯ ಹಾಲು ಎಲ್ಲ ಸೇರಿಸಿದರೂ ದಿನದ ಪ್ರೋಟೀನ್ 70 ಗ್ರಾಂ ದಾಟುವುದು ಕಷ್ಟ. ಸ್ನಾಯು ಬೆಳೆಸುವವರಿಗೆ ದೇಹತೂಕದ ಕಿಲೋಗೆ 1.6ರಿಂದ 2.2 ಗ್ರಾಂ ಬೇಕು, ಅಂದರೆ ನಿಮಗೆ 120ರಿಂದ 165. ಅದರ ಅರ್ಧದ ಆಸುಪಾಸಷ್ಟೇ ಹೋಗುತ್ತಿದೆ. ಮಾಂಸ ತಿನ್ನುತ್ತಿದ್ದೇನೆ, ಹಾಗಾಗಿ ಪ್ರೋಟೀನ್ ಸಾಕಷ್ಟಿದೆ ಎಂದುಕೊಳ್ಳುವುದು ಕೊಡಗಿನಲ್ಲಿ ಬಹಳ ಸುಲಭ. ಆ ನಂಬಿಕೆಯನ್ನು ತಕ್ಕಡಿಯ ಮೇಲೆ ಇಟ್ಟು ನೋಡಬೇಕು.

ಇನ್ನು ಬೆಲ್ಲದ ಕಾಫಿ. ಲೋಟಕ್ಕೆ 15 ಗ್ರಾಂ ಬೆಲ್ಲ ಅಂದರೆ 13 ಗ್ರಾಂ ಕಾರ್ಬ್. ನಾಲ್ಕು ಲೋಟಕ್ಕೆ 50 ಗ್ರಾಂ ಮೀರಿತು. ಅನ್ನ ಬಿಟ್ಟು ಉಳಿಸಿದ ಇಡೀ ದಿನದ ಪಾಲು ಅಲ್ಲಿಗೆ ಮುಗಿಯಿತು. ಅದೂ ಸ್ನಾಯುವಿಗೆ ಹೆಚ್ಚು ಉಪಯೋಗವಿಲ್ಲದ ರೂಪದಲ್ಲಿ. ಏಕೆ ಎನ್ನುವುದನ್ನು ಮುಂದೆ ಹೇಳುತ್ತೇನೆ. ಕಾಫಿ ಕುಡಿಯಿರಿ, ಕಪ್ಪು ಕಾಫಿಯೇ ಇರಲಿ, ಬೆಲ್ಲವನ್ನು ಲೋಡ್ ದಿನಕ್ಕೆ ಇಟ್ಟುಕೊಳ್ಳಿ.

ಮೂರನೆಯದು, ಎರಡು ತಿಂಗಳಲ್ಲಿ ಐದು ಕಿಲೋ ಇಳಿದಿದೆ. ಮೊದಲ ವಾರ ಹೋದ ನೀರಿನ ಒಂದೂವರೆ ಎರಡು ಕಿಲೋ ಬಿಟ್ಟರೂ ಉಳಿದ ಮೂರು ಕಿಲೋ ನಿಜವಾದ ಕೊರತೆಯಿಂದ ಬಂದದ್ದು. ಕಡಿಮೆ ತಿಂದು, ಕಡಿಮೆ ಪ್ರೋಟೀನ್ ತಿಂದು, ವಾರಕ್ಕೊಮ್ಮೆ ಹಬ್ಬ ಮಾಡಿ, ಮರುದಿನ ಉಪವಾಸ ಬಿದ್ದರೆ ಯಾವ ಆಹಾರ ಪದ್ಧತಿಯಲ್ಲೂ ಸ್ನಾಯು ಬೆಳೆಯುವುದಿಲ್ಲ.

ಬಲ ಏಕೆ ಕುಸಿಯಿತು

ಸ್ನಾಯುವಿನೊಳಗೆ ಸಂಗ್ರಹವಾಗಿರುವ ಸಕ್ಕರೆಯೇ ಗ್ಲೈಕೋಜನ್. ನಿಮ್ಮ ಗಾತ್ರದ ಮನುಷ್ಯನ ಸ್ನಾಯುಗಳಲ್ಲಿ 400 ಗ್ರಾಂ ಆಸುಪಾಸು, ಯಕೃತ್ತಿನಲ್ಲಿ 80-100 ಗ್ರಾಂ ಇರುತ್ತದೆ. ಒಂದರಿಂದ ಐದು ರೆಪ್‌ನ ಭಾರೀ ಸೆಟ್‌ಗೆ ಬೇಕಾದ ಶಕ್ತಿಯ ಹೆಚ್ಚಿನ ಪಾಲು ಸ್ನಾಯುವಿನಲ್ಲೇ ಇರುವ ತಕ್ಷಣದ ಇಂಧನವಾದ ಕ್ರಿಯೇಟಿನ್ ಫಾಸ್ಫೇಟ್‌ನಿಂದ ಬರುತ್ತದೆ, ಅದಕ್ಕೆ ಅನ್ನದ ಹಂಗು ಕಡಿಮೆ. ಎಂಟರಿಂದ ಹದಿನೈದು ರೆಪ್‌ನ ಸೆಟ್ ಅರ್ಧ ನಿಮಿಷ, ಮುಕ್ಕಾಲು ನಿಮಿಷ ನಡೆಯುತ್ತದೆ. ಅಷ್ಟು ವೇಗದಲ್ಲಿ ಶಕ್ತಿ ಕೊಡಲು ಕೊಬ್ಬಿಗೆ ಆಗುವುದಿಲ್ಲ, ಗ್ಲೈಕೋಜನ್ನೇ ಬೇಕು. ಆರನೇ ರೆಪ್‌ಗೆ ನಿಮ್ಮ ಕಾಲು ಸೋಲುವುದು ಇಲ್ಲಿಯೇ. ಇದಕ್ಕೆ ಉಪ್ಪಿನ ಕೊರತೆಯೂ ಸೇರಿಕೊಂಡಿರುವ ಸಾಧ್ಯತೆ ಹೆಚ್ಚು. ಕಾರ್ಬ್ ಕಡಿಮೆಯಾದಾಗ ಇನ್ಸುಲಿನ್ ಇಳಿಯುತ್ತದೆ, ಇನ್ಸುಲಿನ್ ಇಳಿದಾಗ ಮೂತ್ರಪಿಂಡ ಸೋಡಿಯಂ ಅನ್ನು ಹೊರಗೆ ಬಿಡುತ್ತದೆ. ಮಳೆಗಾಲದಲ್ಲಿ ಬೆವರೇ ಇಲ್ಲದಿದ್ದರೂ ಉಪ್ಪು ಹೋಗುತ್ತಲೇ ಇರುತ್ತದೆ. ಎದ್ದು ನಿಂತಾಗ ತಲೆ ಸುತ್ತು, ರಾತ್ರಿ ಮೀನಖಂಡದ ಸೆಳೆತ, ವ್ಯಾಯಾಮದಲ್ಲಿ ಉಬ್ಬದ ಚಪ್ಪಟೆ ಸ್ನಾಯು, ಇವೆಲ್ಲ ಅದರ ಗುರುತು.

ಕಾರ್ಬ್ ಇಲ್ಲದೆ ಇನ್ಸುಲಿನ್ ಇಲ್ಲ, ಇನ್ಸುಲಿನ್ ಇಲ್ಲದೆ ಸ್ನಾಯು ಇಲ್ಲ ಎಂದು ಜಿಮ್‌ಗಳಲ್ಲಿ ಹೇಳುವುದುಂಟು. ಸಾಕಷ್ಟು ಪ್ರೋಟೀನ್ ತಿಂದರೆ ಸ್ನಾಯು ಕಟ್ಟಲು ಬೇಕಾದಷ್ಟು ಇನ್ಸುಲಿನ್ ಅದರಿಂದಲೇ ಏರುತ್ತದೆ; ಪಕ್ಕದಲ್ಲಿ ಅನ್ನ ಇಟ್ಟರೆ ಪ್ರೋಟೀನ್ ಸಂಶ್ಲೇಷಣೆ ಇನ್ನೂ ಹೆಚ್ಚುವುದಿಲ್ಲ. ಕಾರ್ಬ್ ಸಹಾಯ ಮಾಡುವುದು ಬೇರೆ ದಾರಿಯಲ್ಲಿ: ನೀವು ಇನ್ನೆರಡು ಸೆಟ್ ಗಟ್ಟಿಯಾಗಿ ಮಾಡಬಲ್ಲಿರಿ, ಮತ್ತು ಒಟ್ಟು ಕ್ಯಾಲೊರಿ ಸುಲಭವಾಗಿ ತುಂಬುತ್ತದೆ. ಹಾಗಾಗಿ ನನ್ನ ಸ್ಪಷ್ಟ ಅಭಿಪ್ರಾಯ ಇದು: ಸ್ನಾಯು ಬೆಳೆಸುವುದೊಂದೇ ಗುರಿಯಾದರೆ ದಿನವೂ ಮಿತವಾಗಿ ಅನ್ನ ತಿನ್ನುವುದು ಹೆಚ್ಚು ಸುಲಭದ ದಾರಿ. ಕಡಿಮೆ ಕಾರ್ಬ್ ಊಟ ನಿಮಗೆ ಒಗ್ಗಿದ್ದರೆ, ಹಸಿವು ಹಿಡಿತದಲ್ಲಿದ್ದರೆ, ಸೊಂಟ ಮತ್ತೆ ಏರಬಾರದು ಎಂದಿದ್ದರೆ, ಲೋಡ್ ಸೇರಿಸಿಕೊಂಡು ಅದರಲ್ಲೂ ಬೆಳೆಸಬಹುದು. ಸ್ವಲ್ಪ ನಿಧಾನ, ಲೆಕ್ಕ ಸ್ವಲ್ಪ ಹೆಚ್ಚು.

ವಾರದ ಸಾಮಾನ್ಯ ದಿನಗಳು

75 ಕಿಲೋ ತೂಕಕ್ಕೆ, ತೋಟದ ಓಡಾಟ ಮತ್ತು ನಾಲ್ಕು ದಿನದ ವ್ಯಾಯಾಮ ಸೇರಿಸಿ, ತೂಕ ಹಾಗೇ ಉಳಿಯಲು ಸುಮಾರು 2,500 ಕ್ಯಾಲೊರಿ ಬೇಕಾಗುತ್ತದೆ ಎಂದು ಹಿಡಿಯಿರಿ. 2,550ರಿಂದ ಶುರು ಮಾಡಿ: ಪ್ರೋಟೀನ್ 150 ಗ್ರಾಂ, ಕಾರ್ಬ್ 50 ಗ್ರಾಂ, ಕೊಬ್ಬು 195 ಗ್ರಾಂ. ನಾಲ್ಕು ವಾರ ಬಿಟ್ಟು ಶನಿವಾರದ ತೂಕ ಏರಿರದಿದ್ದರೆ ದಿನಕ್ಕೆ 150 ಕ್ಯಾಲೊರಿ ಸೇರಿಸಿ. ತಿಂಗಳಿಗೆ ಅರ್ಧದಿಂದ ಮುಕ್ಕಾಲು ಕಿಲೋ ಏರಿದರೆ ಸಾಕು, ಅದಕ್ಕಿಂತ ವೇಗವಾಗಿ ಏರಿದ್ದು ಹೆಚ್ಚಾಗಿ ಕೊಬ್ಬು.

ಅಡುಗೆಮನೆಯಲ್ಲಿ ಇದು ಹೀಗೆ ಕಾಣುತ್ತದೆ. ಬೆಳಗ್ಗೆ ನಾಲ್ಕು ಮೊಟ್ಟೆ, ಒಂದು ಚಮಚ ತುಪ್ಪ, ಅಣಬೆ ಸಿಕ್ಕರೆ ಅಣಬೆ. ಮಧ್ಯಾಹ್ನ ಚರ್ಮ ಸಹಿತ ಕೋಳಿ ತೊಡೆ 250 ಗ್ರಾಂ, ಬೈಂಬಳೆ ಅಂದರೆ ಕಣಿಲೆಯ (ಎಳೆ ಬಿದಿರಿನ) ಕರಿ, ಒಂದು ಕಪ್ ಮೊಸರು. ಸಂಜೆ 40 ಗ್ರಾಂ ನೆಲಗಡಲೆ. ರಾತ್ರಿ ಹಂದಿ ಭುಜದ ಮಾಂಸ 250 ಗ್ರಾಂ, ಸೊಪ್ಪಿನ ಪಲ್ಯ. ವ್ಯಾಯಾಮದ ನಂತರ ಒಂದು ಸ್ಕೂಪ್ ವೇ ಪ್ರೋಟೀನ್ (ಹಾಲಿನ ಪ್ರೋಟೀನ್ ಪುಡಿ), ಬೇಡವೆಂದರೆ 100 ಗ್ರಾಂ ಪನೀರ್. ಅಡುಗೆ ಎಣ್ಣೆ ದಿನಕ್ಕೆ ಎರಡು ದೊಡ್ಡ ಚಮಚ. ಇಷ್ಟಕ್ಕೆ ಪ್ರೋಟೀನ್ 145-150, ಕಾರ್ಬ್ 40ರ ಆಸುಪಾಸು ಬರುತ್ತದೆ. ಮಾಂಸದ ತೂಕ ಎಲ್ಲವೂ ಹಸಿಯದು, ಮೂಳೆ ಬಿಟ್ಟದ್ದು. ಅಂಗಡಿಯ ಕರಿ ಕಟ್ ಕೋಳಿಯಲ್ಲಿ ಮೂಳೆಯೇ ಕಾಲು ಭಾಗದ ಮೇಲಿರುತ್ತದೆ, ಆದ್ದರಿಂದ 250 ಗ್ರಾಂ ಬೇಕಾದರೆ 350 ಗ್ರಾಂ ತೂಗಿಸಿ. ಮೀನಿನ ದಿನ ಬೂತಾಯಿ ಅಥವಾ ಬಂಗುಡೆ ತನ್ನಿ: 100 ಗ್ರಾಮಿಗೆ 19-20 ಗ್ರಾಂ ಪ್ರೋಟೀನ್, ಒಳ್ಳೆಯ ಕೊಬ್ಬು. ವಾರಕ್ಕೆ ಮೂರು ದಿನವಾದರೂ ಹಂದಿಯ ಜಾಗಕ್ಕೆ ಮೀನು ಬಂದರೆ ಹೃದಯಕ್ಕೂ ಒಳ್ಳೆಯದು.

ಮಳೆಗಾಲದ ಕಕ್ಕಡ ತಿಂಗಳ ಅಡುಗೆ ಈ ಪದ್ಧತಿಗೆ ಹೇಳಿ ಮಾಡಿಸಿದಂತಿದೆ. ಗದ್ದೆಯ ಏಡಿ, ಕಾಡಿನ ಅಣಬೆ, ಕಣಿಲೆ, ತೆರ್ಮೆ ತೊಪ್ಪು (ಜರಿಗಿಡದ ಎಳೆ ಚಿಗುರು) ಎಲ್ಲದರಲ್ಲೂ ಕಾರ್ಬ್ ತೀರ ಕಡಿಮೆ. ಕಣಿಲೆಯನ್ನು ಮಾತ್ರ ಹಿರಿಯರು ಮಾಡುವಂತೆ ತೆಳ್ಳಗೆ ಹೆಚ್ಚಿ, ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಬೇಯಿಸಿದ ನೀರು ಚೆಲ್ಲಿಯೇ ಬಳಸಿ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ. ಕಾಚಂಪುಳಿ (ಗಾರ್ಸಿನಿಯಾ ಹಣ್ಣಿನ ಕಪ್ಪು ಹುಳಿ) ಒಂದೆರಡು ಚಮಚ ಹಾಕುವುದರಿಂದ ಕಾರ್ಬ್ ಲೆಕ್ಕ ಕೆಡುವುದಿಲ್ಲ. ಆದರೆ ಅದೇ ಗಾರ್ಸಿನಿಯಾ ಹಣ್ಣಿನ ಸಾರದಿಂದ ಮಾಡಿದ ತೂಕ ಇಳಿಸುವ ಮಾತ್ರೆಗಳನ್ನು ಮುಟ್ಟಬೇಡಿ. ಅವುಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಸಾರಿಗೆ ಹುಳಿ ಹಿಂಡುವುದು ಬೇರೆ, ಸಾಂದ್ರ ಸಾರದ ಗುಳಿಗೆ ನುಂಗುವುದು ಬೇರೆ.

ಉಪ್ಪಿನ ವಿಷಯ. ರಕ್ತದೊತ್ತಡ, ಮೂತ್ರಪಿಂಡ, ಹೃದಯ ಮೂರೂ ಸರಿ ಇದ್ದರೆ ದಿನದ ಅಡುಗೆಯ ಉಪ್ಪಿನ ಮೇಲೆ ಅರ್ಧದಿಂದ ಒಂದು ಚಹಾ ಚಮಚ ಹೆಚ್ಚು ಬೇಕಾಗುತ್ತದೆ. ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ಮೂಳೆ ಸಾರು ಅಥವಾ ಉಪ್ಪು ಹಾಕಿದ ಮಜ್ಜಿಗೆ ಒಂದು ಲೋಟ ಕುಡಿದರೆ ಅರ್ಧ ಕೆಲಸ ಆದಂತೆ. ನೀರು ಎರಡೂವರೆ ಮೂರು ಲೀಟರ್. ಎಳನೀರು ಪೊಟ್ಯಾಸಿಯಂಗೆ ಒಳ್ಳೆಯದು, ಆದರೆ ಒಂದಕ್ಕೆ ಸುಮಾರು 10 ಗ್ರಾಂ ಕಾರ್ಬ್ ಎಂದು ಬರೆದುಕೊಳ್ಳಿ. ಮೂತ್ರಪಿಂಡದಲ್ಲಿ ಕಲ್ಲಾದ ಇತಿಹಾಸ ಇದ್ದರೆ ಕೆಸದ ಸೊಪ್ಪು ಬೇಡ, ಅದರಲ್ಲಿ ಆಕ್ಸಲೇಟ್ ಜಾಸ್ತಿ. ಮಾಂಸ ಹೆಚ್ಚಿರುವ ಊಟವೂ ಕಲ್ಲಿಗೆ ಒತ್ತಾಸೆ. ಕ್ರಿಯೇಟಿನ್ ಮೊನೊಹೈಡ್ರೇಟ್ ದಿನಕ್ಕೆ 3ರಿಂದ 5 ಗ್ರಾಂ, ಯಾವ ಹೊತ್ತಿಗಾದರೂ ಸರಿ. ಪೂರಕಗಳ ಪೈಕಿ ಹಣ ಹಾಕಬೇಕಾದದ್ದು ಇದೊಂದಕ್ಕೆ. ಉಳಿದ ಬಣ್ಣಬಣ್ಣದ ಡಬ್ಬಗಳು ಬೇಡ.

ಲೋಡ್: ವ್ಯಾಯಾಮ ಮೊದಲು, ಊಟ ಆಮೇಲೆ

1966ರಲ್ಲಿ ಸ್ವೀಡನ್ನಿನ ಯೋನಾಸ್ ಬೆರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹಲ್ಟ್‌ಮನ್ ಒಂದು ಸರಳ ಪ್ರಯೋಗ ಮಾಡಿದರು. ಒಂದೇ ಕಾಲಿನಲ್ಲಿ ಸೈಕಲ್ ತುಳಿದು ಆ ಕಾಲನ್ನು ಪೂರ್ತಿ ದಣಿಸಿ, ಆಮೇಲೆ ಮೂರು ದಿನ ಕಾರ್ಬ್ ತುಂಬಿದ ಊಟ ಮಾಡಿ, ಸೂಜಿಯಿಂದ ಎರಡೂ ತೊಡೆಯ ಸ್ನಾಯುವಿನ ಚೂರು ತೆಗೆದು ಅಳೆದರು. ದಣಿದ ಕಾಲಿನಲ್ಲಿ ಗ್ಲೈಕೋಜನ್ ಇನ್ನೊಂದು ಕಾಲಿನ ಸುಮಾರು ಎರಡರಷ್ಟಾಗಿತ್ತು. ರಕ್ತ ಒಂದೇ, ಊಟ ಒಂದೇ, ಇನ್ಸುಲಿನ್ ಒಂದೇ. ಖಾಲಿಯಾದ ಸ್ನಾಯು ಮಾತ್ರ ತುಂಬಿಕೊಂಡಿತು.

ಲೋಡ್‌ನ ಅಷ್ಟೂ ಗುಟ್ಟು ಇದರಲ್ಲಿದೆ. ಶನಿವಾರ ವ್ಯಾಯಾಮವಿಲ್ಲದೆ ಕಳೆದು ಭಾನುವಾರ ತಟ್ಟೆ ತುಂಬಿಸಿಕೊಂಡರೆ ಅದು ಲೋಡ್ ಅಲ್ಲ, ಹೆಚ್ಚುವರಿ ಊಟ. ಎದೆ, ತೋಳು ಮಾತ್ರ ಮಾಡಿ ತಿಂದರೆ ಎದೆ, ತೋಳು ಮಾತ್ರ ತುಂಬುತ್ತವೆ. ಸೋಮವಾರ ಸ್ಕ್ವಾಟ್‌ಗೆ ನಿಂತಾಗ ಕಾಲು ಹಿಂದಿನ ವಾರದಂತೆಯೇ ಸೋಲುತ್ತದೆ. ಆದ್ದರಿಂದ ಶನಿವಾರ ಸಂಜೆ ಇಡೀ ದೇಹಕ್ಕೆ ಒಂದು ವ್ಯಾಯಾಮ ಇಟ್ಟುಕೊಳ್ಳಿ: ಸ್ಕ್ವಾಟ್ ಅಥವಾ ಲೆಗ್ ಪ್ರೆಸ್, ರೊಮೇನಿಯನ್ ಡೆಡ್‌ಲಿಫ್ಟ್, ಬೆಂಚ್ ಪ್ರೆಸ್, ರೋ, ಭುಜದ ಪ್ರೆಸ್, ಪುಲ್‌ಡೌನ್. ಪ್ರತಿಯೊಂದಕ್ಕೂ 12ರಿಂದ 15 ರೆಪ್‌ನ ಮೂರು ಸೆಟ್, ನಡುವೆ 60-90 ಸೆಕೆಂಡ್ ಬಿಡುವು. ಭಾರ ಮಧ್ಯಮ ಇರಲಿ, ಸೋಲುವ ತನಕ ಎಳೆಯಬೇಡಿ. ಇಲ್ಲಿ ಉದ್ದೇಶ ಸ್ನಾಯುವನ್ನು ಹರಿಯುವುದಲ್ಲ. ಸ್ನಾಯುವಿಗೆ ಹೆಚ್ಚು ಪೆಟ್ಟಾದರೆ ಗ್ಲೈಕೋಜನ್ ತುಂಬುವ ವೇಗವೇ ಇಳಿಯುತ್ತದೆ. ಹೊಸದೊಂದು ವ್ಯಾಯಾಮವನ್ನು ಮೊದಲ ಬಾರಿಗೆ ಶನಿವಾರ ಮಾಡಬೇಡಿ ಎನ್ನುವುದೂ ಅದಕ್ಕೇ.

ಲೋಡ್ ಶುರುವಾಗುವುದು ಆ ವ್ಯಾಯಾಮ ಮುಗಿದ ಗಂಟೆಯೊಳಗೆ, ನಿಲ್ಲುವುದು ಭಾನುವಾರ ಸಂಜೆ. 24 ಗಂಟೆ ಸಾಕು. ಪ್ರಮಾಣಕ್ಕೆ ಕೊಬ್ಬು ಬಿಟ್ಟ ದೇಹತೂಕವನ್ನು ಹಿಡಿಯಬೇಕು. ನಿಮ್ಮ ದೇಹದಲ್ಲಿ ಐದರಲ್ಲೊಂದು ಪಾಲು ಕೊಬ್ಬು ಎಂದುಕೊಂಡರೆ ಉಳಿದದ್ದು 60 ಕಿಲೋ. ಕಿಲೋಗೆ 6ರಿಂದ 7 ಗ್ರಾಂನಂತೆ 360ರಿಂದ 420 ಗ್ರಾಂ ಕಾರ್ಬ್. ಕೆಲವರು 10 ಗ್ರಾಂವರೆಗೂ ಹೋಗುತ್ತಾರೆ. ಅದು ದೂರದ ಓಟಗಾರರಿಗೆ ಸರಿ, ನಾಲ್ಕು ದಿನ ಭಾರ ಎತ್ತುವವರಿಗೆ ಅಷ್ಟು ಖಾಲಿ ಜಾಗವೇ ಆಗಿರುವುದಿಲ್ಲ. ಆ ದಿನ ಪ್ರೋಟೀನ್ 130 ಗ್ರಾಂ, ಕೊಬ್ಬು 45 ಗ್ರಾಂ ಮೀರಬಾರದು.

ಈಗ ಕೂಡಿಸಿ ನೋಡಿ. 400 ಗ್ರಾಂ ಕಾರ್ಬ್‌ಗೆ 1,600, ಪ್ರೋಟೀನ್‌ಗೆ 520, ಕೊಬ್ಬಿಗೆ 405, ಒಟ್ಟು 2,525 ಕ್ಯಾಲೊರಿ. ಬೇರೆ ದಿನಗಳಷ್ಟೇ! ಲೋಡ್ ಎಂದರೆ ಹೆಚ್ಚು ತಿನ್ನುವ ದಿನವಲ್ಲ. ಕೊಬ್ಬನ್ನು ತಟ್ಟೆಯಿಂದ ತೆಗೆದು ಆ ಜಾಗಕ್ಕೆ ಅಕ್ಕಿ ಇಡುವ ದಿನ. ನಿಮ್ಮ ಭಾನುವಾರ ಕೆಡುತ್ತಿರುವುದು ಇಲ್ಲಿಯೇ. ಪಂದಿ ಕರಿ, ಕಡಂಬುಟ್ಟು ಎರಡೂ ಒಂದೇ ತಟ್ಟೆಗೆ ಬಂದಿವೆ. ತಿಂದ ಅಕ್ಕಿ ನೇರವಾಗಿ ಕೊಬ್ಬಾಗುವುದು ಕಡಿಮೆ, ಗ್ಲೈಕೋಜನ್‌ನ ಖಾಲಿ ಜಾಗ ತುಂಬುವ ತನಕ ದೇಹ ಅದನ್ನು ಅಲ್ಲಿಗೇ ಕಳಿಸುತ್ತದೆ. ಆದರೆ ಅಷ್ಟು ಅಕ್ಕಿ ಒಳಗೆ ಬಂದಾಗ ದೇಹ ಕೊಬ್ಬನ್ನು ಸುಡುವುದನ್ನು ಬಹಳ ಮಟ್ಟಿಗೆ ನಿಲ್ಲಿಸುತ್ತದೆ, ಜೊತೆಗೆ ಬಂದ ಹಂದಿಯ ಕೊಬ್ಬು ನೇರ ಸೊಂಟಕ್ಕೆ ಹೋಗುತ್ತದೆ. ಪಂದಿ ಕರಿಗೆ ಕಡಂಬುಟ್ಟು ಜೋಡಿಯಲ್ಲವೇ ಎಂದು ಮನೆಯಲ್ಲಿ ಕೇಳುತ್ತಾರೆ, ಕೇಳಬೇಕಾದದ್ದೇ. ಆ ಜೋಡಿಯ ರುಚಿಗೆ ಎದುರಾಡುವವರು ಯಾರೂ ಇಲ್ಲ. ಈ ಪದ್ಧತಿಯಲ್ಲಿ ಮಾತ್ರ ಅವೆರಡನ್ನು ಬೇರೆ ಬೇರೆ ದಿನಕ್ಕೆ ಕೂರಿಸಬೇಕು: ವಾರದ ದಿನಗಳಲ್ಲಿ ಪಂದಿ ಕರಿಗೆ ಕಣಿಲೆ ಜೊತೆ, ಲೋಡ್ ದಿನ ಕಡಂಬುಟ್ಟಿಗೆ ಚರ್ಮ ತೆಗೆದ ಕೋಳಿಯ ತೆಳು ಸಾರು ಜೊತೆ. ಪುತ್ತರಿ, ಕೈಲ್ ಮುಹೂರ್ತ, ಮದುವೆಯ ದಿನ ಒಟ್ಟಿಗೆ ತಿನ್ನಿ, ಸಂತೋಷವಾಗಿ ತಿನ್ನಿ. ವರ್ಷದಲ್ಲಿ ಅಂಥ ದಿನ ಕೆಲವೇ, ಅವು ಲೆಕ್ಕ ಕೆಡಿಸುವುದಿಲ್ಲ. ವಾರವಾರ ಮಾಡಿದರೆ ಕೆಡಿಸುತ್ತವೆ.

ಯಾವುದರಿಂದ ತುಂಬಬೇಕು? ಅಕ್ಕಿಯಿಂದ. ಅಕ್ಕಿಯ ಪಿಷ್ಟ ಒಡೆದು ಗ್ಲೂಕೋಸ್ ಆಗುತ್ತದೆ, ಗ್ಲೂಕೋಸನ್ನು ಸ್ನಾಯು ನೇರವಾಗಿ ಎಳೆದುಕೊಳ್ಳುತ್ತದೆ. ಬೆಲ್ಲ, ಸಕ್ಕರೆ, ಜೇನಿನಲ್ಲಿ ಸುಮಾರು ಅರ್ಧ ಫ್ರಕ್ಟೋಸ್. ಅದನ್ನು ಹೆಚ್ಚಾಗಿ ಯಕೃತ್ತು ಹಿಡಿದುಕೊಳ್ಳುತ್ತದೆ, ಯಕೃತ್ತಿನ ಕೋಣೆ 100 ಗ್ರಾಮಿಗೆ ತುಂಬಿತು. ಬೆಲ್ಲದ ಕಾಫಿ ಸ್ನಾಯುವಿಗೆ ಹೆಚ್ಚು ಉಪಯೋಗವಿಲ್ಲ ಎಂದದ್ದು ಈ ಕಾರಣಕ್ಕೆ. ಲೋಡ್ ದಿನದ ಒಟ್ಟು ಕಾರ್ಬ್‌ನಲ್ಲಿ ಹಣ್ಣು, ಬೆಲ್ಲ, ಜೇನು ಎಲ್ಲ ಸೇರಿ 80 ಗ್ರಾಂ ಮೀರದಿರಲಿ. ಕೊಡಗಿನ ಕಿತ್ತಳೆ, ಒಂದು ಚಮಚ ಕಾಡು ಜೇನು ಅದರೊಳಗೆ ಆರಾಮವಾಗಿ ಬರುತ್ತವೆ. ಪಾಯಸದಲ್ಲಿ ಬೆಲ್ಲವೂ ತೆಂಗಿನ ಹಾಲೂ ಇರುವುದರಿಂದ ಅದು ಎರಡು ಕಡೆಯಿಂದಲೂ ತಪ್ಪು ಆಯ್ಕೆ.

ಅಳತೆಗೆ ಒಂದು ಸುಲಭ ಉಪಾಯವಿದೆ. ಬೆಂದ ಪುಟ್ಟನ್ನು ತೂಗಲು ಹೋಗಬೇಡಿ. ನೀರು ಹೆಚ್ಚು ಕಡಿಮೆಯಾಗಿ ಲೆಕ್ಕ ತಪ್ಪುತ್ತದೆ. ಒಣ ತರಿಯನ್ನು ತೂಗಿ. 100 ಗ್ರಾಂ ಅಕ್ಕಿ ತರಿ, ಅಕ್ಕಿ, ಅಕ್ಕಿ ಹಿಟ್ಟು ಯಾವುದಾದರೂ 78 ಗ್ರಾಂ ಕಾರ್ಬ್. 400 ಗ್ರಾಂ ತರಿಯಲ್ಲಿ 16 ಕಡಂಬುಟ್ಟು ಕಟ್ಟಿದರೆ ಒಂದಕ್ಕೆ 25 ಗ್ರಾಂ ತರಿ, 19-20 ಗ್ರಾಂ ಕಾರ್ಬ್. ಮನೆಯಲ್ಲಿ ಕಟ್ಟುವವರ ಕೈಯ ಗಾತ್ರ ವಾರವಾರಕ್ಕೂ ಹೆಚ್ಚು ಬದಲಾಗುವುದಿಲ್ಲ, ಒಮ್ಮೆ ಎಣಿಸಿಟ್ಟುಕೊಂಡರೆ ಸಾಕು.

ಶನಿವಾರ ರಾತ್ರಿ ಅಂಥ ಆರು ಕಡಂಬುಟ್ಟು, ಕೋಳಿ ಎದೆ ಮಾಂಸದ ಸಾರು: 117 ಗ್ರಾಂ. ಭಾನುವಾರ ಬೆಳಗ್ಗೆ 100 ಗ್ರಾಂ ಅಕ್ಕಿಯ ನೂಪುಟ್ಟು (ಶ್ಯಾವಿಗೆ), ಎರಡು ಮೊಟ್ಟೆ, ನಾಲ್ಕು ಮೊಟ್ಟೆಯ ಬಿಳಿ: 78. ನಡುವೆ ಎರಡು ಬಾಳೆಹಣ್ಣು: 45. ಮಧ್ಯಾಹ್ನ 150 ಗ್ರಾಂ ಅಕ್ಕಿಯ ಅನ್ನ, ಎಣ್ಣೆ ಕಡಿಮೆ ಹಾಕಿದ ಮೀನು ಸಾರು, ಮಜ್ಜಿಗೆ: 117. ಸಂಜೆ ಬೇಯಿಸಿದ ಸಿಹಿಗೆಣಸು 200 ಗ್ರಾಂ: 40. ಹತ್ತಿರ ಹತ್ತಿರ 400 ಆಯಿತು. ಪಾಪುಟ್ಟಿಗೆ ತೆಂಗಿನಕಾಯಿ, ಹಾಲು ಬೀಳುತ್ತದೆ, ಅದಕ್ಕೇ ಅದರ ಬದಲು ನೂಪುಟ್ಟು. ನೂಪುಟ್ಟಿಗೂ ತೆಂಗಿನ ಹಾಲು ಸುರಿಯಬೇಡಿ. ಅಕ್ಕಿ ಒಟ್ಟಿ ಆಗುತ್ತದೆ, ಮೇಲೆ ತುಪ್ಪ ಬೇಡ. ಭಾನುವಾರ ರಾತ್ರಿಯ ಊಟ ಮತ್ತೆ ಮಾಂಸ, ಸೊಪ್ಪಿಗೆ ಮರಳಲಿ.

ಎರಡು ತಿಂಗಳು ಅನ್ನ ಬಿಟ್ಟ ಹೊಟ್ಟೆ ಮೊದಲ ಲೋಡ್‌ಗೆ ಉಬ್ಬರಿಸಬಹುದು, ತೂಕಡಿಕೆ ಬರಬಹುದು. ಮೊದಲ ವಾರ 250 ಗ್ರಾಂ, ಮುಂದಿನ ವಾರ 320, ಆಮೇಲೆ 400 ಮಾಡಿ. ಒಮ್ಮೆಗೇ ತಿನ್ನುವುದಕ್ಕಿಂತ ನಾಲ್ಕೈದು ಪಾಲು ಮಾಡುವುದು ಒಳ್ಳೆಯದು.

ವೈನ್ ಬಗ್ಗೆ ನೇರವಾಗಿ ಹೇಳಬೇಕು. ವ್ಯಾಯಾಮದ ನಂತರ ಹೆಚ್ಚು ಮದ್ಯ ಹೋದರೆ, ಪ್ರೋಟೀನ್ ತಿಂದಿದ್ದರೂ ಸ್ನಾಯು ಕಟ್ಟುವ ಕೆಲಸ ತಗ್ಗುತ್ತದೆ, ನಿದ್ದೆ ಕೆಡುತ್ತದೆ. ಮನೆಯ ವೈನ್ ಸಾಮಾನ್ಯವಾಗಿ ಸಿಹಿ, ಸಕ್ಕರೆಯ ಲೆಕ್ಕವೂ ಸಿಗುವುದಿಲ್ಲ. ಶನಿವಾರ ರಾತ್ರಿ, ಭಾನುವಾರ ಎರಡೂ ದಿನ ಬೇಡ. ವಾರದ ಅತಿ ಬೆಲೆಬಾಳುವ 24 ಗಂಟೆ ಅದು.

ಸೋಮವಾರದ ತಕ್ಕಡಿ

ಏರಿದ ಎರಡು ಕಿಲೋ ಕೊಬ್ಬಲ್ಲ. ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಡುತ್ತದೆ. 300-350 ಗ್ರಾಂ ಗ್ಲೈಕೋಜನ್ ತುಂಬಿದರೆ ಅದಕ್ಕೆ ಸೇರಿದ ನೀರೇ ಒಂದು ಕಿಲೋ, ಜೊತೆಗೆ ಹೊಟ್ಟೆಯಲ್ಲಿರುವ ಆಹಾರ, ಉಪ್ಪು ಹಿಡಿದ ನೀರು. ಒಂದು ದಿನದಲ್ಲಿ ಎರಡು ಕಿಲೋ ಕೊಬ್ಬು ಬೆಳೆಯಬೇಕಾದರೆ ಬೇಕಾದ್ದಕ್ಕಿಂತ 15,000 ಕ್ಯಾಲೊರಿ ಹೆಚ್ಚು ತಿನ್ನಬೇಕು. ನಿಜವಾಗಿ ಹೇಳಬೇಕೆಂದರೆ, ಸೋಮವಾರ ತೂಕ ಒಂದು ಕಿಲೋ ಕೂಡ ಏರದಿದ್ದರೆ ಲೋಡ್ ಸರಿಯಾಗಿ ಆಗಿಲ್ಲ ಎಂದೇ ನಾನು ಅನುಮಾನಿಸುತ್ತೇನೆ. ತೂಕ, ಸೊಂಟ ಎರಡನ್ನೂ ಶನಿವಾರ ಬೆಳಗ್ಗೆ, ಬರಿ ಹೊಟ್ಟೆಯಲ್ಲಿ ಮಾತ್ರ ನೋಡಿ. ಶನಿವಾರದಿಂದ ಶನಿವಾರಕ್ಕೆ ಹೋಲಿಸಿ.

ಸೋಮವಾರದ ಉಪವಾಸ ಇಡೀ ವಾರದ ದೊಡ್ಡ ತಪ್ಪು. ಸ್ನಾಯು ತುಂಬಿ ನಿಂತಿರುವ ದಿನ ಅದು, ವಾರದ ಅತಿ ಭಾರದ ಕೆಲಸ ಅಂದೇ ಆಗಬೇಕು. ಸೋಮವಾರ ಕಾಲು ಮತ್ತು ಬೆನ್ನು, ಮಂಗಳವಾರ ಎದೆ ಮತ್ತು ಭುಜ. ಸ್ಕ್ವಾಟ್, ಡೆಡ್‌ಲಿಫ್ಟ್, ಬೆಂಚ್, ರೋ ಎಲ್ಲ 6ರಿಂದ 10 ರೆಪ್‌ನಲ್ಲಿ ನಾಲ್ಕು ಸೆಟ್. ಗುರುವಾರ ಮೂರನೇ ವ್ಯಾಯಾಮ, ಶನಿವಾರ ಖಾಲಿ ಮಾಡುವ ವ್ಯಾಯಾಮ. ಒಂದೊಂದು ದೊಡ್ಡ ಸ್ನಾಯುವಿಗೆ ವಾರಕ್ಕೆ 10ರಿಂದ 16 ಸೆಟ್ ಬರುವಂತೆ ನೋಡಿಕೊಳ್ಳಿ. ನಾಲ್ಕೂ ಸೆಟ್‌ನಲ್ಲಿ 10 ರೆಪ್ ತಲುಪಿದ ದಿನ ಮುಂದಿನ ಬಾರಿಗೆ ಎರಡೂವರೆ ಕಿಲೋ ಸೇರಿಸಿ, ಮತ್ತೆ ಆರರಿಂದ ಹತ್ತಬೇಕು. ಪುಸ್ತಕದಲ್ಲಿ ಬರೆದಿಡಿ. ಆರು ವಾರ ಕಳೆದರೂ ಆ ಅಂಕಿಗಳು ಮೇಲೇರದಿದ್ದರೆ ಲೋಡ್ ಎಷ್ಟು ಚೆನ್ನಾಗಿ ಮಾಡಿದರೂ ಸ್ನಾಯು ಬಂದಿಲ್ಲ ಎಂದೇ ಅರ್ಥ.

ಗುರುವಾರದ ಹೊತ್ತಿಗೆ ಗ್ಲೈಕೋಜನ್ ಅರ್ಧಕ್ಕೆ ಇಳಿದಿರುತ್ತದೆ. ಆ ದಿನ ವ್ಯಾಯಾಮಕ್ಕೆ ಮುಕ್ಕಾಲು ಗಂಟೆ ಮೊದಲು 30 ಗ್ರಾಂ ಕಾರ್ಬ್ ತಿನ್ನಿ: ಒಂದು ಸಣ್ಣ ಅಕ್ಕಿ ಒಟ್ಟಿ, ಇಲ್ಲವೇ ಒಂದು ದೊಡ್ಡ ಬಾಳೆಹಣ್ಣು. ಇದರಿಂದ ಕೀಟೋಸಿಸ್ (ದೇಹ ಕೊಬ್ಬಿನಿಂದ ಕೀಟೋನ್ ಮಾಡಿ ಉರಿಸುವ ಸ್ಥಿತಿ) ಕೆಲವು ಗಂಟೆ ಮುರಿಯಬಹುದು, ಮುರಿಯಲಿ. ಕೀಟೋನ್ ಪಟ್ಟಿಯ ಬಣ್ಣಕ್ಕೂ ಸ್ನಾಯುವಿಗೂ ಸಂಬಂಧವಿಲ್ಲ. ಮೂತ್ರದ ಪಟ್ಟಿ ನೀವು ಎಷ್ಟು ನೀರು ಕುಡಿದಿದ್ದೀರಿ ಎನ್ನುವುದರ ಮೇಲೂ ಬಣ್ಣ ಬದಲಿಸುತ್ತದೆ, ಅದನ್ನು ಕೊಳ್ಳುವ ಹಣಕ್ಕೆ ಮೊಟ್ಟೆ ತನ್ನಿ. ಲೋಡ್ ಆದ ಮೇಲೆ ಬುಧವಾರದೊಳಗೆ ದೇಹ ತಾನಾಗಿ ಕೊಬ್ಬಿನ ಕಡೆಗೆ ಮರಳುತ್ತದೆ.

ಯಾರು ಇದನ್ನು ಮಾಡಬಾರದು

ಮಧುಮೇಹಕ್ಕೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ಕಾರ್ಬ್ ಹೀಗೆ ಇಳಿಸಿದರೆ ರಕ್ತದ ಸಕ್ಕರೆ ಹೆಚ್ಚು ಏರದೆಯೂ ಕೀಟೋಆಸಿಡೋಸಿಸ್ (ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗುವುದು) ಆಗಬಹುದು, ಅದು ಪ್ರಾಣಾಪಾಯ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ಸಕ್ಕರೆ ಕುಸಿಯುತ್ತದೆ. ಇವರು ವೈದ್ಯರನ್ನು ಕಂಡು ಔಷಧಿ ಹೊಂದಿಸಿಕೊಳ್ಳದೆ ಒಂದು ದಿನವೂ ಶುರು ಮಾಡಬಾರದು. ಮೂತ್ರಪಿಂಡದ ಕಾಯಿಲೆ, ಗರ್ಭಿಣಿಯರು, ಊಟದ ಗೀಳಿನ ಇತಿಹಾಸ ಇರುವವರು ಬೇಡ. ವಾರವಿಡೀ ಬಿಗಿ ಹಿಡಿದು ಒಂದು ದಿನ ಬಿಡುವ ಈ ಕ್ರಮ ಕೊನೆಯವರಿಗೆ ವಿಶೇಷವಾಗಿ ಕೆಟ್ಟದು.

ನೀವು ಆರೋಗ್ಯವಂತರೇ ಇದ್ದರೂ ಈಗೊಮ್ಮೆ, ಮೂರು ತಿಂಗಳ ನಂತರ ಒಮ್ಮೆ ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬು), ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಯೂರಿಕ್ ಆಮ್ಲ ನೋಡಿಸಿ. ಕೆಲವರ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಈ ಊಟದಲ್ಲಿ ತೀವ್ರವಾಗಿ ಏರುತ್ತದೆ. ಹಾಗೆ ಏರಿದರೆ ಹಂದಿ ಕೊಬ್ಬು, ತೆಂಗಿನೆಣ್ಣೆ, ತುಪ್ಪ ಇಳಿಸಿ ಮೀನು, ನೆಲಗಡಲೆ, ಎಳ್ಳಿನ ಕಡೆ ಹೋಗಿ, ದಿನದ ಕಾರ್ಬ್ 100-120 ಗ್ರಾಮಿಗೆ ಏರಿಸಿ. ಆಗಲೂ ಇಳಿಯದಿದ್ದರೆ ಈ ಪದ್ಧತಿ ನಿಮ್ಮದಲ್ಲ. ಕ್ರಿಯೇಟಿನ್ ಪುಡಿ ತೆಗೆದುಕೊಳ್ಳುತ್ತಿದ್ದರೆ ಪ್ರಯೋಗಾಲಯದ ವರದಿ ನೋಡುವ ವೈದ್ಯರಿಗೆ ಅದನ್ನು ತಿಳಿಸಿ, ಅದರಿಂದ ಕ್ರಿಯಾಟಿನಿನ್ ಅಂಕಿ ಸ್ವಲ್ಪ ಹೆಚ್ಚು ತೋರಿಸಬಹುದು.

ಏಪ್ರಿಲ್‌ನ ಹಾಕಿ

1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಒಕ್ಕದ (ಕುಟುಂಬದ) ಪರವಾಗಿ ಇಳಿಯುವವರಿಗೆ ನನ್ನ ಸಲಹೆ ಒಂದೇ: ಆ ದಿನಗಳಿಗೆ ಕಡಿಮೆ ಕಾರ್ಬ್ ಬಿಟ್ಟುಬಿಡಿ. ಹಾಕಿ ಎಂದರೆ ಮತ್ತೆ ಮತ್ತೆ ಓಡುವ, ನಿಲ್ಲುವ, ಮತ್ತೆ ಓಡುವ ಆಟ. ಆ ವೇಗಕ್ಕೆ ಮುಖ್ಯ ಇಂಧನ ಗ್ಲೈಕೋಜನ್ನೇ, ಏಪ್ರಿಲ್ ಬಿಸಿಲಿನಲ್ಲಿ ಉಪ್ಪು ನೀರು ಕಳೆದುಕೊಂಡ ದೇಹಕ್ಕೆ ಅದು ಇನ್ನೂ ಬೇಗ ಮುಗಿಯುತ್ತದೆ. ಮೊದಲ ಪಂದ್ಯಕ್ಕೆ ಹತ್ತು ದಿನ ಇರುವಾಗಲೇ ದಿನಕ್ಕೆ 250-300 ಗ್ರಾಂ ಕಾರ್ಬ್‌ಗೆ ಏರಿಸಿ, ಕೊಬ್ಬನ್ನು 70 ಗ್ರಾಂ ಆಸುಪಾಸಿಗೆ ಇಳಿಸಿ. ಸಕ್ಕರೆಯನ್ನು ವೇಗವಾಗಿ ಸುಡುವ ಅಭ್ಯಾಸ ದೇಹಕ್ಕೆ ಮರಳಲು ಕೆಲವು ದಿನ ಬೇಕು, ಹಿಂದಿನ ರಾತ್ರಿಯೊಂದರ ಲೋಡ್ ಸಾಲದು. ಆಟಕ್ಕೆ ಮೂರು ಗಂಟೆ ಮೊದಲು 100 ಗ್ರಾಂ ಅಕ್ಕಿಯ ಅನ್ನ ಅಥವಾ ನೂಪುಟ್ಟು, ಜೊತೆಗೆ ಸ್ವಲ್ಪ ಕೋಳಿ. ವಿರಾಮದಲ್ಲಿ ಅರ್ಧ ಬಾಳೆಹಣ್ಣು, ಚಿಟಿಕೆ ಉಪ್ಪು ಹಾಕಿದ ಕಿತ್ತಳೆ ಪಾನಕ. ಮರುದಿನವೇ ಇನ್ನೊಂದು ಪಂದ್ಯವಿದ್ದರೆ ಮುಗಿದ ಕೂಡಲೇ ಮೊದಲ ನಾಲ್ಕು ಗಂಟೆ, ಗಂಟೆಗೆ 75 ಗ್ರಾಂನಂತೆ ಕಾರ್ಬ್ ಹೋಗಲಿ. ಗ್ಲೈಕೋಜನ್ ಅತಿ ವೇಗವಾಗಿ ತುಂಬುವ ಹೊತ್ತು ಅದು. ಬೆಲ್ಲದ ಕಾಫಿಯೂ ಆಗ ಸಲ್ಲುತ್ತದೆ. ಜಿಮ್ ಆ ವಾರಗಳಲ್ಲಿ ಎರಡು ದಿನಕ್ಕೆ ಇಳಿಯಲಿ, ಭಾರ ಹಾಗೇ ಇರಲಿ, ಸೆಟ್ ಅರ್ಧ ಮಾಡಿ. ಗಳಿಸಿದ ಸ್ನಾಯು ಅಷ್ಟರಲ್ಲೇ ಉಳಿಯುತ್ತದೆ. 50 ಗ್ರಾಮಿಗೆ ಮರಳುವುದು ನಿಮ್ಮ ಕೊನೆಯ ಪಂದ್ಯ ಮುಗಿದ ಮುಂದಿನ ಸೋಮವಾರದಿಂದ.